ಅರಿಯದ ದೋಷ, ಅರಿಯಲೊಲ್ಲದ ದೋಷ

೧

ಕಣ್ಣಿಗೆ ಕಾಣುವ ಕೊಳೆಯನ್ನು ತೊಳೆಯುವುದಕ್ಕೆ ಧರ್ಮವಿಚಾರದ ನೆರವು ಬೇಕಿಲ್ಲ. ಕಣ್ಣು ಮೂಗುಗಳೇ ಸಾಕು. ಧರ್ಮವಿಚಾರಕ್ಕೆ ಕೆಲಸ ಬೀಳುವುದು ಕೊಳೆ ಕಾಣದಿರುವ ಎಡೆಯಲ್ಲಿ. ಒಬ್ಬನ ಕೈಯಲ್ಲಿ ಒಂದು ಪದಾರ್ಥವಿದೆ. ನೋಟಕ್ಕೆ ಅದು ಚೆನ್ನಾಗಿಯೇ ಇದೆ. ಅಂಥ ಪದಾರ್ಥದಲ್ಲಿ ಕಾಣದ ದೋಷವಿರುವುದುಂಟೆಂದು ಅವನು ಬಲ್ಲ. ಪರೀಕ್ಷಿಸಿದರೆ ತಿಳಿಯುವುದೆಂದೂ ಬಲ್ಲ. ಆದರೂ ಪರೀಕ್ಷಿಸದೆ ಅದನ್ನು ತಾನು ಬಳಸುತ್ತಾನೆ, ಬೇಡಿದವರಿಗೂ ಕೊಡುತ್ತಾನೆ. ಮುಂದೆ ಕೇಡು ಒದಗಿದಾಗ “ನನಗೆ ತಿಳಿದಿರಲಿಲ್ಲ” ಎನ್ನುತ್ತಾನೆ. ಆ ಮಾತು ಸುಳ್ಳಲ್ಲ. ಆದರೆ ಅದು ಅವನನ್ನು ದೋಷದಿಂದ ಬಿಡಿಸುವುದೇ?

ತಿಳಿಯದೆ ಮಾಡಿದ ತಪ್ಪಿಗೆ ಲೋಕವು ಕ್ಷಮೆ ತೋರಿಸುವುದು ನ್ಯಾಯವೇ ಸರಿ. ಕತ್ತಲೆಯಲ್ಲಿ ಎಡವಿದವನನ್ನು ಯಾರೂ ದೂಷಿಸರು. ಆದರೆ ದೀಪವು ಪಕ್ಕದಲ್ಲಿಯೇ ಇದ್ದು, ಹಚ್ಚಿದರೆ ಏನು ಕಂಡೀತೋ ಎಂಬ ಅಂಜಿಕೆಯಿಂದ ಹಚ್ಚದೆ ನಡೆದು, ಮಲಗಿದ್ದ ಮಗುವನ್ನು ತುಳಿದವನನ್ನು ಏನೆನ್ನಬೇಕು? ಕತ್ತಲೆ ಇಬ್ಬರಿಗೂ ಒಂದೇ. ಆದರೆ ಮೊದಲನೆಯವನನ್ನು ಕತ್ತಲೆ ಕವಿದಿತ್ತು, ಎರಡನೆಯವನು ಕತ್ತಲೆಯನ್ನು ಇಟ್ಟುಕೊಂಡಿದ್ದನು. ಅಜ್ಞಾನದಲ್ಲಿಯೂ ಹೀಗೆಯೇ ಎರಡು ಬಗೆಗಳುಂಟು. ಒಂದು ತಿಳಿಯಲಾರದ್ದು, ಇನ್ನೊಂದು ತಿಳಿಯಲೊಲ್ಲದ್ದು. ಈ ಎರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ಇಲ್ಲಿಯ ಪ್ರಶ್ನೆ. ಅದನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ದೇವನಹಳ್ಳಿಯ ಸೀಮೆಗೆ ಸೇರಿದ ಎರಡು ಕಸುಬುಗಳನ್ನು ನೋಡಿ ಬಿಡಿಸುವುದು ಸುಲಭ. ಒಂದು ಹಳೆಯದು, ಇನ್ನೊಂದು ಹೊಸದು. ಆದರೆ ಎರಡಕ್ಕೂ ಇರುವ ಧರ್ಮಸಂಕಟ ಒಂದೇ.

೨

ದೇವನಹಳ್ಳಿಯ ಹೆಸರು ಹೇಳಿದೊಡನೆ ಕೆಲವರಿಗೆ ಕೋಟೆ ನೆನಪಾಗುತ್ತದೆ, ಕೆಲವರಿಗೆ ಚಕ್ಕೋತದ ಹಣ್ಣು. ೨೦೦೮ರಿಂದೀಚೆಗೆ ಬಹುಮಂದಿಗೆ ವಿಮಾನನಿಲ್ದಾಣ. ಆದರೆ ಈ ತಾಲ್ಲೂಕಿನ ಎಷ್ಟೋ ಮನೆಗಳ ದಿನಚರಿಯನ್ನು ತಲೆಮಾರುಗಳ ಕಾಲ ನಿಶ್ಚಯಿಸಿದ್ದು ರೇಷ್ಮೆಯ ಹುಳು. ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಬುನಾದಿ ಹಾಕಿದ ಕೀರ್ತಿ, ಇದೇ ಊರಿನಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನಿಗೆ ಸಲ್ಲುತ್ತದೆ. ತಾಲ್ಲೂಕಿನ ವಿಜಯಪುರವೂ ನೆರೆಯ ಶಿಡ್ಲಘಟ್ಟವೂ ರೇಷ್ಮೆಗೆ ಹೆಸರಾದ ಊರುಗಳು. ಹುಳು ಸಾಕುವ ಮನೆಯಲ್ಲಿ ಹುಳುವಿನ ಹೊತ್ತೇ ಮನೆಯವರ ಹೊತ್ತು. ಮೊಟ್ಟೆಯೊಡೆದ ದಿನದಿಂದ ನಾಲ್ಕು ಜ್ವರ ಕಳೆದು ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ, ಸುಮಾರು ಒಂದು ತಿಂಗಳು, ಹಗಲಿರುಳೆನ್ನದೆ ಹಿಪ್ಪುನೇರಳೆಯ ಸೊಪ್ಪು ಹಾಕಿ ಕಾಯಬೇಕು. ಬೆಳೆ ಗೆದ್ದರೆ ಸಾಲ ತೀರುತ್ತದೆ, ಮಗಳ ಮದುವೆಯಾಗುತ್ತದೆ; ಸೋತರೆ ಸೊಪ್ಪಿನ ಬೆಲೆಯೂ ಹುಟ್ಟುವುದಿಲ್ಲ.

ಇಂಥ ಬೆಳೆಯನ್ನು ಕೆಡಿಸುವ ರೋಗಗಳಲ್ಲಿ ಗಂಟುರೋಗವೆಂಬುದು ಒಂದು. ಐರೋಪ್ಯರು ಇದನ್ನು ಪೆಬ್ರಿನ್ ಎನ್ನುತ್ತಾರೆ; ಹುಳುವಿನ ಮೈಮೇಲೆ ಮೆಣಸಿನ ಪುಡಿ ಚಿಮುಕಿಸಿದಂತೆ ಕಪ್ಪು ಚುಕ್ಕೆಗಳೇಳುವುದರಿಂದ ಆ ಹೆಸರು. ಆದರೆ ಚುಕ್ಕೆ ಕಾಣುವ ರೋಗಕ್ಕಿಂತ ಕಾಣದ ರೋಗವೇ ಹೆಚ್ಚು ಅಪಾಯಕಾರಿ. ಸೋಂಕು ಅಲ್ಪವಾಗಿದ್ದರೆ ಹುಳು ಎಂದಿನಂತೆ ಮೇಯುತ್ತದೆ, ಗೂಡು ಕಟ್ಟುತ್ತದೆ, ಚಿಟ್ಟೆಯಾಗಿ ಹೊರಬಂದು ಮೊಟ್ಟೆಯಿಡುತ್ತದೆ. ತಾಯಿಯಲ್ಲಿ ಕಾಣದೆ ಅಡಗಿದ್ದ ರೋಗಾಣುವು ಅಷ್ಟರಲ್ಲಿ ಮೊಟ್ಟೆಯೊಳಕ್ಕೆ ಇಳಿದಿರುತ್ತದೆ. ಮುಂದಿನ ಬೆಳೆಯಲ್ಲಿ ಹುಳುಗಳು ಒಂದೇ ಸಮನಾಗಿ ಏಳುವುದಿಲ್ಲ. ಒಂದು ದಪ್ಪ, ಒಂದು ಸಣ್ಣ. ಕಡೆಗೆ ತಟ್ಟೆಗೆ ತಟ್ಟೆಯೇ ಖಾಲಿಯಾಗುತ್ತದೆ. ತಾಯಿ ಮಾಡದ ಪಾಪಕ್ಕೆ ಮಕ್ಕಳು ತೆತ್ತಂತೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ರೋಗವು ಫ್ರಾನ್ಸಿನ ರೇಷ್ಮೆಯ ಕಸುಬನ್ನು ಬಹುಪಾಲು ನೆಲಕ್ಕೆ ಕೆಡವಿತು. ೧೮೬೫ರಲ್ಲಿ ಲೂಯಿ ಪಾಸ್ತರ್ ಮಹಾಶಯನು ಅಲೆಸ್ ಎಂಬ ಊರಿಗೆ ಬಂದು ಇದರ ವಿಚಾರಕ್ಕೆ ತೊಡಗಿದನು. ಅವನು ಅದಕ್ಕೆ ಮುಂಚೆ ರೇಷ್ಮೆಹುಳುವನ್ನು ಕಂಡವನಲ್ಲ. ಹಲವು ವರ್ಷಗಳ ದುಡಿಮೆಯ ತರುವಾಯ, ೧೮೭೦ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಅವನು ಕಂಡ ಉಪಾಯ ರೋಗಕ್ಕೆ ಮದ್ದಲ್ಲ, ಅದೊಂದು ಪರೀಕ್ಷೆ. ಪ್ರತಿಯೊಂದು ಹೆಣ್ಣು ಚಿಟ್ಟೆಯನ್ನೂ ಬೇರೆ ಬೇರೆಯಾಗಿ ಇರಿಸಿ ಮೊಟ್ಟೆಯಿಡಿಸಬೇಕು. ಆಮೇಲೆ ಆ ಚಿಟ್ಟೆಯನ್ನು ತುಸು ನೀರಿನೊಡನೆ ಅರೆದು, ಆ ರಸದ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ಸುಡಬೇಕು. ಕಾಣದಿದ್ದರೆ ಬಿತ್ತನೆಗೆ ಇಡಬೇಕು. ಇಂದಿಗೂ ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆಯನ್ನು ಅರೆದು ನೋಡುವ ಕ್ರಮವು ಈ ಮೂಲದಿಂದಲೇ ಬಂದದ್ದು.

ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಸೋಂಕಿನ ಮೊಟ್ಟೆಗೂ ಸೋಂಕಿಲ್ಲದ ಮೊಟ್ಟೆಗೂ ರೈತನ ಕಣ್ಣಿಗೆ ಯಾವ ಭೇದವೂ ಇಲ್ಲ. ಸಾಸಿವೆಯಂಥ ಆ ಕಾಳುಗಳನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನೋಡಿದರೂ ಅವು ಬಾಯಿ ಬಿಡವು. ಹಾಗಾದರೆ ಅವನು ಹಣ ಕೊಟ್ಟು ಕೊಳ್ಳುವುದೇನು? ಮೊಟ್ಟೆಯನ್ನಷ್ಟೇ ಅಲ್ಲ. ಎಲ್ಲಿಯೋ ಒಂದು ಕೋಣೆಯಲ್ಲಿ, ಅವನು ಎಂದೂ ನೋಡದ ಒಬ್ಬ ಪರೀಕ್ಷಕನು, ನೂರನೆಯ ಚಿಟ್ಟೆಯನ್ನೂ ಮೊದಲನೆಯ ಚಿಟ್ಟೆಯಷ್ಟೇ ಎಚ್ಚರದಿಂದ ನೋಡಿದ್ದಾನೆಂಬ ನಂಬಿಕೆಯನ್ನು ಅವನು ಕೊಳ್ಳುತ್ತಾನೆ. ಕೊಟ್ಟವನ ಪ್ರಾಮಾಣಿಕತೆಯೇ ಕೊಂಡವನ ಕಣ್ಣು.

೩

ದೇವನಹಳ್ಳಿಯಿಂದ ಬಳ್ಳಾರಿ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೊರಟರೆ, ಯಲಹಂಕವನ್ನು ದಾಟಿದ ಮೇಲೆ ವಿದ್ಯಾಸಂಸ್ಥೆಗಳ ಒಂದು ಸಾಲೇ ಇದೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಅವರ ಹೆಸರಿನ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ. ಹೆಬ್ಬಾಳದಲ್ಲಿ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಶಾಖೆ. ಇಂಥ ಎಡೆಗಳಲ್ಲಿ ನಡೆಯುವ ಕೆಲಸಗಳಲ್ಲಿ ಒಂದು ಮತ್ತೊಂದು ಬಗೆಯ ಸಾಕಣೆ. ಇಲ್ಲಿ ಸಾಕುವುದು ಹುಳುವನ್ನಲ್ಲ, ಜೀವಕೋಶವನ್ನು. ಮನುಷ್ಯನ ಅಥವಾ ಪ್ರಾಣಿಯ ದೇಹದಿಂದ ತೆಗೆದ ಕೋಶಗಳನ್ನು ಪಾರದರ್ಶಕವಾದ ತಟ್ಟೆಯಲ್ಲಿ ಪೋಷಕದ್ರವದೊಳಗೆ ಇರಿಸಿ, ಮನುಷ್ಯನ ಮೈಶಾಖದಷ್ಟೇ ಬೆಚ್ಚಗೆ, ೩೭ ಡಿಗ್ರಿಯಲ್ಲಿ ಕಾಪಾಡುತ್ತಾರೆ. ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ತಟ್ಟೆಯನ್ನು ತುಂಬುತ್ತವೆ. ತುಂಬಿದೊಡನೆ ಪಾಲು ಮಾಡಿ ಹೊಸ ತಟ್ಟೆಗಳಿಗೆ ಬಿಡುತ್ತಾರೆ. ಇದನ್ನು ಕೋಶಕೃಷಿಯೆಂದು ಕರೆಯಬಹುದು. ಔಷಧಗಳ ಗುಣಾವಗುಣಗಳನ್ನು ಮೊದಲು ನೋಡುವುದು ಬಹುವೇಳೆ ಇಂಥ ಕೋಶಗಳ ಮೇಲೆ. ದನಗಳ ಕಾಲುಬಾಯಿ ರೋಗದ ಲಸಿಕೆಗೆ ಬೇಕಾದ ವೈರಸ್ಸನ್ನು ಬೆಳೆಸುವುದೂ ಇಂಥ ಕೋಶಗಳಲ್ಲಿಯೇ. ಹಟ್ಟಿಯ ಹಸುವಿಗೆ ಚುಚ್ಚುವ ಮದ್ದಿನ ಹಿಂದೆ ಎಲ್ಲಿಯೋ ಒಂದು ಕೋಶದ ತಟ್ಟೆ ಇರುತ್ತದೆ.

ಈ ಬೆಳೆಗೂ ಒಂದು ಗಂಟುರೋಗವುಂಟು. ಅದರ ಹೆಸರು ಮೈಕೊಪ್ಲಾಸ್ಮ. ತಾನಾಗಿ ಬೆಳೆಯಬಲ್ಲ ಜೀವಿಗಳಲ್ಲಿ ಇದರಷ್ಟು ಚಿಕ್ಕವು ಬಲು ವಿರಳ. ೧೮೯೮ರಲ್ಲಿ ಫ್ರಾನ್ಸಿನ ನೊಕಾರ್ ಮತ್ತು ರೂ ಎಂಬ ಪಂಡಿತರು, ದನಗಳ ಪುಪ್ಪುಸದ ಒಂದು ಅಂಟುರೋಗವನ್ನು ವಿಚಾರಿಸುವಾಗ, ಈ ಜಾತಿಯ ಜೀವಿಯನ್ನು ಮೊದಲು ಬೆಳೆಸಿದರು. ಬೇರೆ ಬ್ಯಾಕ್ಟೀರಿಯಗಳಿಗೆ ಇರುವ ಹೊರಗೋಡೆ ಇದಕ್ಕಿಲ್ಲ. ಆದಕಾರಣ ಆ ಗೋಡೆಯನ್ನು ಕೆಡವಿ ಕೊಲ್ಲುವ ಪೆನಿಸಿಲಿನ್ ಇದರ ಮುಂದೆ ನಿಷ್ಫಲ. ಮೈ ಮೆತ್ತಗಿರುವುದರಿಂದ ಇತರ ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕಗಳಲ್ಲಿಯೂ ಇದು ನುಸುಳಬಲ್ಲದು. ಸಾಮಾನ್ಯವಾದ ಬ್ಯಾಕ್ಟೀರಿಯವು ಸೇರಿದರೆ ಪೋಷಕದ್ರವವು ಒಂದೆರಡು ದಿನಗಳಲ್ಲಿ ಮಜ್ಜಿಗೆಯಂತೆ ಕದಡಿ ತನ್ನ ಕೆಡುಕನ್ನು ತಾನೇ ಸಾರುತ್ತದೆ. ಮೈಕೊಪ್ಲಾಸ್ಮವಾದರೋ ಒಂದು ಮಿಲಿಲೀಟರ್ ದ್ರವದಲ್ಲಿ ಕೋಟಿಗಟ್ಟಲೆ ಇದ್ದರೂ ದ್ರವ ತಿಳಿಯಾಗಿಯೇ ಇರುತ್ತದೆ. ಕೋಶಗಳು ಸಾಯುವುದೂ ಇಲ್ಲ. ಬದುಕಿಯೇ ಇರುತ್ತವೆ, ಬೆಳೆಯುತ್ತಲೂ ಇರುತ್ತವೆ. ಆದರೆ ಅವುಗಳ ಅನ್ನವನ್ನು ಇನ್ನೊಬ್ಬರು ಉಣ್ಣುತ್ತಿರುತ್ತಾರೆ. ಅವುಗಳ ನಡೆ ತಮ್ಮದಾಗಿರುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ದೊರೆಯದು. ಇಂಥ ಕೋಶಗಳ ಮೇಲೆ ಒಂದು ಔಷಧವನ್ನು ಪ್ರಯೋಗಿಸಿ “ಹೀಗಾಯಿತು” ಎಂದು ಬರೆದರೆ, ಹಾಗಾದದ್ದು ಔಷಧದಿಂದಲೋ ಅಡಗಿ ಕುಳಿತ ಅತಿಥಿಯಿಂದಲೋ ಹೇಳುವವರು ಯಾರು?

ಇದು ಹೊರಬಿದ್ದ ಸಂದರ್ಭವೂ ವಿಚಿತ್ರವಾದದ್ದೇ. ಅಮೆರಿಕದ ಬಾಲ್ಟಿಮೋರಿನಲ್ಲಿ ೧೯೫೧ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಹೆಂಗಸಿನ ಅರ್ಬುದದಿಂದ, ಆಕೆಯ ಅನುಮತಿಯನ್ನು ಕೇಳದೆಯೇ, ತೆಗೆದ ಕೋಶಗಳು ಹೀಲಾ ಎಂಬ ಹೆಸರಿನಿಂದ ಲೋಕವನ್ನೆಲ್ಲ ಸುತ್ತಿದವು. ೧೯೫೬ರಲ್ಲಿ ರಾಬಿನ್‌ಸನ್ ಎಂಬವರೂ ಅವರ ಸಂಗಡಿಗರೂ ಈ ಜೀವಿಯ ಸೋಂಕಿನಿಂದ ಹೀಲಾ ಕೋಶಗಳಿಗೆ ಏನಾಗುವುದೆಂದು ನೋಡಹೊರಟರು. ನೋಡಿದರೆ, ತಾವು ಸೋಂಕು ತಾಗಿಸದೆ ಬಿಟ್ಟಿದ್ದ ಕೋಶಗಳಲ್ಲಿಯೂ ಅದು ಮೊದಲೇ ನೆಲಸಿತ್ತು! ಬಿತ್ತುವ ಮೊದಲೇ ಬೆಳೆ ಎದ್ದು ನಿಂತಂತೆ. ಅಂದಿನಿಂದ ಅನೇಕರು ತಮ್ಮ ತಮ್ಮ ತಟ್ಟೆಗಳನ್ನು ನೋಡಿಕೊಂಡರು, ಅನೇಕರು ನೋಡಿಕೊಳ್ಳಲಿಲ್ಲ. ಅರುವತ್ತು ವರ್ಷ ಕಳೆಯುತ್ತ ಬಂದರೂ ಇದು ಮುಗಿದ ಕತೆಯಾಗಲಿಲ್ಲ. ೨೦೧೫ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು, ಸಾರ್ವಜನಿಕ ಭಂಡಾರಕ್ಕೆ ಸೇರಿಸಿದ್ದ ೮೮೪ ಪ್ರಯೋಗಮಾಲೆಗಳ ಅಂಕಿಗಳನ್ನು ಶೋಧಿಸಿ, ಅವುಗಳಲ್ಲಿ ನೂರಕ್ಕೆ ೧೧ರಷ್ಟರಲ್ಲಿ ಮೈಕೊಪ್ಲಾಸ್ಮದ ಗುರುತುಗಳನ್ನು ಕಂಡರು. ಅಳಿಸಲಾಗದ ಹೆಜ್ಜೆಯಂತೆ ಅದು ಬರೆಹದಲ್ಲಿಯೇ ಉಳಿದುಕೊಂಡಿತ್ತು.

ಇದಕ್ಕೆ ಪರೀಕ್ಷೆ ಇಲ್ಲವೇ? ಇದೆ, ಒಂದಲ್ಲ, ಹಲವು. ತಕ್ಕ ಆಹಾರದ ಮೇಲೆ ೨೮ ದಿನಗಳವರೆಗೆ ಬೆಳೆಸಿ ನೋಡುವುದೊಂದು. ಆಗ ನಡುವೆ ದಟ್ಟವಾಗಿ ಸುತ್ತ ತೆಳುವಾದ ಪುಟ್ಟ ಪುಟ್ಟ ವಸಾಹತುಗಳು ಏಳುತ್ತವೆ. ಆನುವಂಶಿಕ ದ್ರವ್ಯಕ್ಕೆ ಅಂಟುವ ಬಣ್ಣವನ್ನು ಹಾಕಿ ಅತಿನೇರಳೆ ಬೆಳಕಿನಲ್ಲಿ ನೋಡುವುದು ಇನ್ನೊಂದು. ಶುದ್ಧವಾದ ಕೋಶದಲ್ಲಿ ನಡುವಣ ಬೀಜವೊಂದೇ ನೀಲಿಯಾಗಿ ಬೆಳಗಿ ಸುತ್ತಲೂ ಕತ್ತಲೆಯಿರಬೇಕು; ಸೋಂಕಿದ್ದರೆ ಕತ್ತಲಿರಬೇಕಾದ ಎಡೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಳಕು ಕಾಣುತ್ತದೆ. ಆ ಜೀವಿಯ ಆನುವಂಶಿಕ ದ್ರವ್ಯವನ್ನು ಲಕ್ಷಮಡಿ ಹೆಚ್ಚಿಸಿ ಕೆಲವೇ ಗಂಟೆಗಳಲ್ಲಿ ಹಿಡಿದುಕೊಡುವ ಪಿಸಿಆರ್ ವಿಧಾನ ಮೂರನೆಯದು. ಇವುಗಳಲ್ಲಿ ಯಾವುದೂ ಇಂದು ದುರ್ಲಭವಲ್ಲ. ದೀಪ ಪಕ್ಕದಲ್ಲಿಯೇ ಇದೆ.

೪

ಪರೀಕ್ಷೆ ಇಷ್ಟು ಸುಲಭವಾಗಿದ್ದರೂ ಮನುಷ್ಯನು ಹಿಂದೆಗೆಯುವುದೇಕೆ? ಸೋಮಾರಿತನವೆಂದರೆ ಅರ್ಧ ಉತ್ತರವಾದೀತು. ಉಳಿದರ್ಧಕ್ಕೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು.

ದೇವನಹಳ್ಳಿಯ ಬಳಿಯ ಒಂದು ರೇಷ್ಮೆಯ ಮನೆಯ ಹುಡುಗಿ. ಹುಳುವಿನ ದುಡ್ಡಿನಲ್ಲಿ ಓದಿ ಮುಂದೆ ಬಂದವಳು. ದಿನವೂ ಬಸ್ಸಿನಲ್ಲಿ ಬೆಂಗಳೂರಿನ ಒಂದು ಪ್ರಯೋಗಶಾಲೆಗೆ ಹೋಗಿ ಕೋಶಗಳನ್ನು ಸಾಕುತ್ತಾಳೆ. ಅವಳ ಪ್ರಬಂಧಕ್ಕೆ ಬೇಕಾದ ಎರಡು ವರ್ಷಗಳ ಕೆಲಸ ಮುಗಿಯುತ್ತ ಬಂದಿದೆ. ಕೋಶಗಳು ಮೊದಲಿನಷ್ಟು ಚುರುಕಾಗಿಲ್ಲವೆಂಬ ಅನುಮಾನ ಅವಳಿಗೆ ಕೆಲವು ತಿಂಗಳಿಂದ ಇದೆ. ಪರೀಕ್ಷಿಸಿದರೆ ಒಂದು ಮಧ್ಯಾಹ್ನದ ಕೆಲಸ. ಆದರೆ “ಇದೆ” ಎಂದು ಬಂದರೆ ಎರಡು ವರ್ಷ ಹೋಯಿತು. “ಪ್ರಬಂಧ ಮುಗಿಯಲಿ, ಆಮೇಲೆ ನೋಡೋಣ” ಎನ್ನುತ್ತದೆ ಮನಸ್ಸು. ಈ ಒಂದು ವಾಕ್ಯದಲ್ಲಿ, ತಿಳಿಯದ ಅಜ್ಞಾನವು ತಿಳಿಯಲೊಲ್ಲದ ಅಜ್ಞಾನವಾಗಿ ಮಾರ್ಪಟ್ಟಿತು. ಅನುಮಾನ ಹುಟ್ಟುವವರೆಗೆ ಅವಳು ನಿರಪರಾಧಿ. ಅನುಮಾನ ಹುಟ್ಟಿ, ದೀಪ ಕೈಗೆಟುಕುವಂತಿದ್ದು, ಲಾಭಕ್ಕಾಗಿ ಹಚ್ಚದಿದ್ದ ಗಳಿಗೆಯಿಂದ ಹಾಗೆನ್ನುವಂತಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಕಂಡು ನಗುವವರು, ಈ ಬಗೆಯ ಕಣ್ಣುಮುಚ್ಚುವಿಕೆಯನ್ನು ತಮ್ಮಲ್ಲಿ ಹುಡುಕುವುದು ಅಪರೂಪ.

ಅವಳು ಪರೀಕ್ಷಿಸಿದಳೆಂದೇ ಇಟ್ಟುಕೊಳ್ಳೋಣ. ಕತ್ತಲಿರಬೇಕಾದಲ್ಲಿ ಚುಕ್ಕೆಗಳು ಕಂಡವು. ಆ ರಾತ್ರಿ ಊಟ ಸೇರದೆ ಕುಳಿತವಳನ್ನು ಅಜ್ಜಿ ಕೇಳುತ್ತಾಳೆ.

“ಏನಾಯಿತಮ್ಮ?”

“ನನ್ನ ಬೆಳೆಗೆ ರೋಗ ಬಂದಿದೆ, ಅಜ್ಜಿ. ಎರಡು ವರ್ಷದ ಕೆಲಸ.”

ಸೂಕ್ಷ್ಮದರ್ಶಕವನ್ನು ಕಾಣದ ಆ ಮುದುಕಿ ಗಂಟುರೋಗವನ್ನು ಕಂಡವಳು. ಅವಳು ನಷ್ಟವೆಷ್ಟೆಂದು ಕೇಳಲಿಲ್ಲ. ಯಾರ ತಪ್ಪೆಂದೂ ಕೇಳಲಿಲ್ಲ.

“ಆ ಮೊಟ್ಟೆ ಇನ್ನು ಯಾರ ಮನೆಗೆ ಹೋಗಿದೆಯಮ್ಮ?” ಎಂದಳು.

ಹುಡುಗಿ ಆ ಕೋಶಗಳ ಒಂದು ಸೀಸೆಯನ್ನು ಆರು ತಿಂಗಳ ಹಿಂದೆ ಗೆಳತಿಯೊಬ್ಬಳಿಗೆ ಕೊಟ್ಟಿದ್ದಳು. ಗೆಳತಿಯ ಲೇಖನವು ಅಚ್ಚಿಗೆ ಹೋಗುವುದರಲ್ಲಿತ್ತು.

ಧರ್ಮದ ನಿಜವಾದ ತೂಕ ಗೊತ್ತಾಗುವುದು ಇಲ್ಲಿಯೇ. ತನ್ನ ತಟ್ಟೆಗಳನ್ನು ಸದ್ದಿಲ್ಲದೆ ನಾಶಪಡಿಸಿ, ಹೊಸ ಕೋಶಗಳನ್ನು ತರಿಸಿ, ಕೆಲಸವನ್ನು ಮತ್ತೆ ಮೊದಲು ಮಾಡುವುದು ಕಷ್ಟವೇ. ಆದರೂ ಅದರಲ್ಲಿ ಮಾನ ಉಳಿಯುತ್ತದೆ. ಗೆಳತಿಗೆ ಹೇಳುವುದರಲ್ಲಿ ಮಾನವೂ ಹೋಗಬಹುದು, ಗೆಳೆತನವೂ ಹೋಗಬಹುದು. ಆದರೆ ಹೇಳದಿದ್ದರೆ, ಇದುವರೆಗೆ ಅಜ್ಞಾನದಿಂದ ಕೊಟ್ಟದ್ದನ್ನು ಈಗ ಜ್ಞಾನದಿಂದ ಕೊಟ್ಟಂತಾಯಿತು. ಕೊಟ್ಟ ಕೈ ಅದೇ, ಸೀಸೆ ಅದೇ. ಅರಿವು ಬಂದಮೇಲಿನ ಮೌನವು ಹಿಂದಿನ ಕೊಡುಗೆಯನ್ನು ಹಿಂದಿನಿಂದಲೇ ವಿಷಮಾಡುತ್ತದೆ. ಆದುದರಿಂದ ಪರೀಕ್ಷೆಯ ಧರ್ಮವು ಕಂಡುಹಿಡಿಯುವುದರಲ್ಲಿ ಮುಗಿಯತಕ್ಕದ್ದಲ್ಲ. ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲೆಲ್ಲಿಗೆ ಸುದ್ದಿ ಮುಟ್ಟಿಸುವುದರಲ್ಲಿ ಮುಗಿಯತಕ್ಕದ್ದು. ನೆರೆಮನೆಯವನೂ ಅದೇ ಮೊಟ್ಟೆ ತಂದಿದ್ದಾನೆಂದು ತಿಳಿದ ರೈತನು ತನ್ನ ತಟ್ಟೆಗಳನ್ನು ಮಾತ್ರ ತೊಳೆದು ಸುಮ್ಮನಿರುವಂತಿಲ್ಲ.

ಇಂಥ ಸುದ್ದಿ ಹೇಳುವವನಿಗೆ ಲೋಕವು ಹಾರ ಹಾಕುವುದೆಂದು ಭ್ರಮಿಸಬೇಕಾಗಿಲ್ಲ. ಅಮೆರಿಕದ ವಾಲ್ಟರ್ ನೆಲ್ಸನ್-ರೀಸ್ ಎಂಬ ವಿಜ್ಞಾನಿಯು ಬೇರೆ ಬೇರೆ ಹೆಸರುಗಳಿಂದ ಹಂಚಿಹೋಗಿದ್ದ ಕೋಶಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಹಲವು ನಿಜವಾಗಿ ಹೀಲಾ ಕೋಶಗಳೇ ಎಂದು ಕಂಡನು. ಅದು ಮೈಕೊಪ್ಲಾಸ್ಮದ ಸೋಂಕಲ್ಲ, ಒಂದು ಕೋಶವು ಇನ್ನೊಂದರ ಮನೆಯನ್ನು ಆಕ್ರಮಿಸಿದ ದೋಷ. ಆದರೆ ಕಾಣದಿರುವ ಗುಣ ಎರಡಕ್ಕೂ ಸಮಾನ. ೧೯೭೪ರಿಂದ ಆತನು ಅಂಥ ಕೋಶಗಳ ಪಟ್ಟಿಗಳನ್ನು, ಅವು ಬಂದ ಮೂಲಗಳ ಸಮೇತ, ಅಚ್ಚುಹಾಕಿಸಿದನು. ಮೆಚ್ಚಿದವರಿಗಿಂತ ಮುನಿದವರು ಹೆಚ್ಚು. ೧೯೮೧ರಲ್ಲಿ ಆತನು ಕೆಲಸದಿಂದ ನಿವೃತ್ತನಾದನು. ಆತನು ಹೇಳಿದ್ದು ಮಾತ್ರ ನಿಜವಾಗಿ ಉಳಿಯಿತು.

೫

ಈ ವಿಚಾರಕ್ಕೆ ಮೂರು ಆಕ್ಷೇಪಗಳು ಬರಬಹುದು.

ಮೊದಲನೆಯದು: ಎಲ್ಲವನ್ನೂ ಪರೀಕ್ಷಿಸುತ್ತ ಕುಳಿತರೆ ಬಾಳುವುದು ಯಾವಾಗ? ನಂಬಿಕೆಯಿಲ್ಲದೆ ಲೋಕ ನಡೆದೀತೇ? ನಡೆಯಲಾರದು, ನಿಜ. ಆದರೆ ನಂಬಿಕೆ ಆಕಾಶದಿಂದ ಉದುರಿದ್ದಲ್ಲ. ರೈತನು ಮೊಟ್ಟೆಯನ್ನು ನಂಬುವುದು, ಅವನಿಗಾಗಿ ಇನ್ನೊಬ್ಬನು ನಂಬದೆ ನೋಡಿರುವುದರಿಂದ. ಯಾರೂ ನೋಡದೆ ಎಲ್ಲರೂ ನಂಬಿದರೆ ಅದು ವಿಶ್ವಾಸವಲ್ಲ, ವಾಡಿಕೆ. ಎಲ್ಲರೂ ಎಲ್ಲವನ್ನೂ ಪರೀಕ್ಷಿಸಬೇಕಾಗಿಲ್ಲ. ತನ್ನ ಕೈಯಿಂದ ಮತ್ತೊಬ್ಬರ ಕೈಗೆ ದಾಟುವುದನ್ನು, ತನ್ನ ಮಾತಿಗೆ ಆಧಾರವಾಗಿರುವುದನ್ನು, ಅವರವರು ಪರೀಕ್ಷಿಸಿದರೆ ಸಾಕು. ಅಷ್ಟಕ್ಕೆ ಆಯುಷ್ಯ ಸಾಲುತ್ತದೆ.

ಎರಡನೆಯದು: ಪರೀಕ್ಷೆಯೂ ತಪ್ಪಬಹುದಲ್ಲವೇ? ತಪ್ಪಬಹುದು. ಕೆಲವು ಮೈಕೊಪ್ಲಾಸ್ಮಗಳು ತಟ್ಟೆಯ ಆಹಾರದ ಮೇಲೆ ಬೆಳೆಯುವುದೇ ಇಲ್ಲ; ಅವು ಬಣ್ಣದ ಪರೀಕ್ಷೆಗೋ ಪಿಸಿಆರ್ ವಿಧಾನಕ್ಕೋ ಸಿಕ್ಕುತ್ತವೆ. ಪ್ರತಿಜೈವಿಕ ಔಷಧವನ್ನು ಬೆರೆಸಿದ ದ್ರವದಲ್ಲಿ ಜೀವಿಯು ಸಾಯದೆ ಅಡಗಿ, ಪರೀಕ್ಷೆಯ ದಿನ ತಲೆಯೆತ್ತದಿರಬಹುದು. ಆದಕಾರಣ ಬಲ್ಲವರು ಪರೀಕ್ಷೆಗೆ ಮುಂಚೆ ಆ ಔಷಧವನ್ನು ನಿಲ್ಲಿಸಿ ಕೆಲವು ದಿನ ಕಾಯುತ್ತಾರೆ. ಸೋಂಕು ಇದೆಯೆಂದು ಗೊತ್ತಿರುವ ಒಂದು ಮಾದರಿಯನ್ನೂ, ಇಲ್ಲವೆಂದು ಗೊತ್ತಿರುವ ಇನ್ನೊಂದನ್ನೂ ಪಕ್ಕದಲ್ಲಿಟ್ಟೇ ನೋಡುತ್ತಾರೆ. ಇರುವಲ್ಲಿ ಇದೆಯೆನ್ನದ ಪರೀಕ್ಷೆಯು ಇಲ್ಲವೆಂದರೆ ಅದಕ್ಕೆ ಬೆಲೆಯಿಲ್ಲ. ಇಷ್ಟು ಮಾಡಿದ ಮೇಲೂ ಹೇಳಬಹುದಾದದ್ದು, “ಈ ದಿನ, ಈ ವಿಧಾನದಿಂದ ನೋಡಿದಾಗ ಕಾಣಲಿಲ್ಲ” ಎಂದಷ್ಟೇ. ಆದರೆ ಇದು ಪರೀಕ್ಷೆಯನ್ನು ಬಿಡುವುದಕ್ಕೆ ಕಾರಣವಲ್ಲ. ಮತ್ತೆ ಮತ್ತೆ ಮಾಡುವುದಕ್ಕೆ ಕಾರಣ. ಶುದ್ಧಿಯೆಂಬುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ದಿನವೂ ಬೆಳಗುವ ಪಾತ್ರೆ.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ಇದು ಹಳೆಯ ಮಡಿಮೈಲಿಗೆಯೇ ಹೊಸ ವೇಷದಲ್ಲಿ ಬಂದದ್ದಲ್ಲವೇ ಎಂದು ಕೇಳುವವರುಂಟು. ಕೈ ತೊಳೆಯುವುದು, ಬೇರೆಯ ಉಡುಪು, ಮುಟ್ಟಬಾರದ ಪಾತ್ರೆ: ಹೊರನೋಟಕ್ಕೆ ಹೋಲಿಕೆ ಇದೆ. ಒಳಗೆ ನೋಡಿದರೆ ಎರಡೂ ಎದುರುಬದುರು. ಮಡಿಯು ಮನುಷ್ಯನ ಹುಟ್ಟನ್ನು ನೋಡಿ ಅವನನ್ನು ನೋಡುವುದನ್ನು ಬಿಟ್ಟಿತು. ಇವರು ಮುಟ್ಟಿದರೆ ಕೆಡುತ್ತದೆ, ಅವರು ಮುಟ್ಟಿದರೆ ಕೆಡದು ಎಂದು ಪರೀಕ್ಷೆಯಿಲ್ಲದೆ ತೀರ್ಪು ಕೊಟ್ಟಿತು. ಕೋಶಕೃಷಿಯು ಕಲಿಸುವುದು ಇದಕ್ಕೆ ವಿರುದ್ಧವಾದ ಪಾಠ. ಕೋಶಗಳನ್ನು ಕೆಡಿಸುವ ಮೈಕೊಪ್ಲಾಸ್ಮಗಳಲ್ಲಿ ಕೆಲವು ಹಂದಿಯಿಂದ ಬಂದವು. ಕೆಲವು ಹಸುವಿನಿಂದ, ಕರುವಿನ ರಕ್ತರಸದ ಮೂಲಕ ಬಂದವು. ಬಹಳ ಸಾಮಾನ್ಯವಾದದ್ದೊಂದು ಮನುಷ್ಯನ ಬಾಯಲ್ಲಿಯೇ ವಾಸವಾಗಿರುವಂಥದು. ಹಂದಿ ಹಸು ಮನುಷ್ಯ ಮೂವರನ್ನೂ ಅದು ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ತಟ್ಟೆಯ ಮೇಲೆ ಬಾಗಿ ಮಾತನಾಡುವ ಪಂಡಿತನ ಬಾಯಿಂದಲೂ, ನೆಲ ಗುಡಿಸುವ ಆಳಿನ ಬಾಯಿಂದಲೂ ಅದು ಸಮನಾಗಿ ಸಿಡಿಯುತ್ತದೆ. ಹೆಸರಾಂತ ಪ್ರಯೋಗಶಾಲೆಯಿಂದ ಬಂದ ಸೀಸೆಗೂ ಹೆಸರಿಲ್ಲದ ಎಡೆಯಿಂದ ಬಂದ ಸೀಸೆಗೂ ಒಂದೇ ಕಟ್ಟಳೆ: ಪರೀಕ್ಷೆ ಮುಗಿಯುವವರೆಗೆ ಬೇರೆಯ ಕೋಣೆಯಲ್ಲಿ ಇರತಕ್ಕದ್ದು. ಮಡಿಯು ಪರರನ್ನು ಸಂಶಯಿಸಿತು. ಪರೀಕ್ಷೆಯು ಮೊದಲು ಸಂಶಯಿಸುವುದು ತನ್ನ ಬಾಯಿಯನ್ನು.

ಇಷ್ಟರಿಂದ ಹಿರಿಯರ ಸ್ಥಾನದಲ್ಲಿರುವವರ ಹೊಣೆಯೂ ಸ್ಪಷ್ಟವಾಗುತ್ತದೆ. ದೋಷವನ್ನು ಕಂಡು ಬಂದು ಹೇಳಿದವರನ್ನು ಗದರಿಸುವ ಗುರುವು, ಮುಂದಿನ ಸಲ ದೋಷವನ್ನು ಹೇಳದಂತೆ ಶಿಷ್ಯರಿಗೆ ಪಾಠ ಹೇಳಿದ್ದಾನೆ. ಸೋಂಕು ಯಾರ ತಟ್ಟೆಗಾದರೂ ಬರಬಹುದು. ಅದು ಬಂದದ್ದರಲ್ಲಿ ನಾಚಿಕೆಯಿಲ್ಲ. ಮುಚ್ಚಿದ್ದರಲ್ಲಿ ನಾಚಿಕೆ. ಈ ಭೇದವನ್ನು ಮನೆಯಲ್ಲಿ ತಂದೆತಾಯಿಗಳೂ, ಶಾಲೆಯಲ್ಲಿ ಉಪಾಧ್ಯಾಯರೂ, ಕಚೇರಿಯಲ್ಲಿ ಅಧಿಕಾರಿಗಳೂ ನೆನಪಿಟ್ಟರೆ, ಬಚ್ಚಿಟ್ಟ ತಪ್ಪುಗಳ ಸಂಖ್ಯೆ ತಾನಾಗಿ ಇಳಿಯುತ್ತದೆ. ಒಡೆದ ಲೋಟವನ್ನು ತಂದು ತೋರಿಸಿದ ಮಗುವಿಗೆ ಪೆಟ್ಟು ಬಿದ್ದ ಮನೆಯಲ್ಲಿ ಒಡೆದ ಚೂರುಗಳು ಮಂಚದಡಿಯಲ್ಲಿ ಸೇರುತ್ತವೆ. ಎಂದಾದರೂ ಯಾರದಾದರೂ ಕಾಲಿಗೆ ಚುಚ್ಚುತ್ತವೆ.

೬

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅರಿಯದ ದೋಷಕ್ಕೂ ಅರಿಯಲೊಲ್ಲದ ದೋಷಕ್ಕೂ ನಡುವಣ ಗೆರೆಯು ಮನುಷ್ಯನ ತಿಳಿವಳಿಕೆಯಲ್ಲಿಲ್ಲ. ಅವನ ಕೈಗೆ ಎಟುಕುವ ದೀಪದಲ್ಲಿದೆ. ಪಾಸ್ತರನಿಗಿಂತ ಮುಂಚೆ ಸೋಂಕಿನ ಮೊಟ್ಟೆ ಮಾರಿದವನು ದುರದೃಷ್ಟಶಾಲಿ. ಅವನ ತರುವಾಯ, ಸೂಕ್ಷ್ಮದರ್ಶಕವನ್ನು ಮೂಲೆಯಲ್ಲಿಟ್ಟು ಮಾರಿದವನು ವಂಚಕ. ೧೯೫೬ಕ್ಕೆ ಮುಂಚೆ ಸೋಂಕಿನ ಕೋಶಗಳ ಮೇಲೆ ಶಾಸ್ತ್ರ ಕಟ್ಟಿದವನು ಮೋಸಹೋದವನು. ಇಂದು ಪರೀಕ್ಷಿಸದೆ ಕಟ್ಟುವವನು ಮೋಸಮಾಡುವವರ ಸಾಲಿಗೆ ತನಗರಿವಿಲ್ಲದಂತೆಯೇ, ಅಲ್ಲ, ತನ್ನ ಅರಿವನ್ನು ತಾನೇ ತಡೆದುಕೊಂಡು, ಸೇರುತ್ತಾನೆ. ಜ್ಞಾನವು ಬೆಳೆದಂತೆಲ್ಲ ಮನುಷ್ಯನ ಶಕ್ತಿ ಹೆಚ್ಚಿತೆಂದು ಎಲ್ಲರೂ ಹೊಗಳುವುದುಂಟು. ಅವನ ನೆವಗಳು ಕಡಮೆಯಾದುವೆಂಬುದನ್ನು ಹೇಳುವವರು ಕಡಮೆ. ಒಂದೊಂದು ಹೊಸ ಪರೀಕ್ಷೆ ಹುಟ್ಟಿದಾಗಲೂ, ಹಿಂದೆ ಅಜ್ಞಾನದ ನೆರಳಿನಲ್ಲಿ ನಿಂತು ತಪ್ಪಿಸಿಕೊಳ್ಳುತ್ತಿದ್ದ ಒಂದು ಮೂಲೆಗೆ ಬೆಳಕು ಬೀಳುತ್ತದೆ.

ದೃಷ್ಟಾಂತದ ಹುಡುಗಿಯು ಮರುದಿನ ಬೆಳಗಿನ ಬಸ್ಸು ಹತ್ತುವಳು. ಅವಳ ಫಲಿತಾಂಶಗಳಲ್ಲಿ ಯಾವುದು ನಿಂತೀತು, ಯಾವುದು ಬಿದ್ದೀತು ಎಂಬುದು ಹೊಸ ಕೋಶಗಳಲ್ಲಿ ಮತ್ತೆ ನೋಡಿದ ಮೇಲೆ ತಿಳಿಯತಕ್ಕ ಮಾತು. ಗೆಳತಿ ಕ್ಷಮಿಸುವಳೋ ಇಲ್ಲವೋ, ಅದೂ ಮುಂದಿನ ಮಾತು. ಹಿಂದಿನ ರಾತ್ರಿ ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಮಾತ್ರ ಇಂದಿನ ಕೆಲಸ. ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟು, ಸಾಕಣೆಯ ಮನೆಗೆ ಮದ್ದು ಹೊಡೆದು, ನೆರೆಯವನಿಗೆ ಹೇಳಿಕಳಿಸಿ, ಮತ್ತೆ ಮೊಟ್ಟೆ ತರುವ ರೈತನಿಗೆ ಈ ಕ್ರಮವನ್ನು ಯಾರೂ ನೀತಿಶಾಸ್ತ್ರವೆಂದು ಕಲಿಸಲಿಲ್ಲ. ಅವನು ಅದನ್ನು ಬೇಸಾಯವೆಂದೇ ತಿಳಿದಿದ್ದಾನೆ.